ಗೀಸರ್: ಕಾಯಿಲ್ ಬದಲಿಸುವ ಮುನ್ನ

ಮಾನ್ಯರೇ,

ನೀರು ಬಿಸಿಯಾಗದಿದ್ದರೆ ‘ಕಾಯಿಲ್ ಹೋಗಿದೆ’ ಎಂದು ಹೊಸದು ಹಾಕಿ ದುಡ್ಡು ಎಣಿಸಿಕೊಳ್ಳುವುದು ರೂಢಿಯಾಗಿದೆ. ಎಷ್ಟೋ ಸಲ ಥರ್ಮಲ್ ಕಟೌಟ್ (ಅತಿಯಾಗಿ ಕಾದರೆ ಕರೆಂಟ್ ಕಡಿಯುವ ಸುರಕ್ಷಾ ಸ್ವಿಚ್) ಟ್ರಿಪ್ ಆಗಿರುತ್ತದೆ, ಅಷ್ಟೇ. ಎಂಸಿಬಿ ಇಳಿಸಿ, ಕರೆಂಟ್ ಇಲ್ಲವೆಂದು ಖಚಿತಪಡಿಸಿಕೊಂಡು, ಮುಚ್ಚಳ ತೆಗೆದು ಕಟೌಟಿನ ಸಣ್ಣ ಗುಂಡಿ ಒತ್ತಬೇಕು. ಪದೇಪದೇ ಟ್ರಿಪ್ ಆದರೆ ನೀರಿನ ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಮೇಲೆ ಅನುಮಾನಪಡಿ.

ಕಾಯಿಲ್‌ನ ಎರಡೂ ವೈರ್ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ 2 ಕಿಲೋವ್ಯಾಟಿನದು ಸುಮಾರು 26 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಒಳಗೆ ತುಂಡಾಗಿದೆ. ತುದಿಗೂ ಹೊರಗಿನ ಲೋಹದ ಕೊಳವೆಗೂ ಸಂಪರ್ಕ ಸಿಕ್ಕರೆ ಅರ್ಥ್ ಸೋರಿಕೆ. 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸುರಕ್ಷಾ ಸ್ವಿಚ್) ಬೀಳುವುದಕ್ಕೆ ಇದೂ ಕಾರಣ. ಆ ಸ್ವಿಚ್ಚನ್ನೇ ಬೈಪಾಸ್ ಮಾಡಿಕೊಡುವ ಮಹಾನುಭಾವರೂ ಇದ್ದಾರೆ, ಬಾಗಿಲಿಂದಲೇ ಕಳಿಸಿ!

ಬೋರ್‌ವೆಲ್ ನೀರಿನ ಸುಣ್ಣ ಕಾಯಿಲ್ ಮೇಲೆ ಬೆಳ್ಳಗೆ ಗಟ್ಟಿಕಟ್ಟಿ, ಶಾಖ ನೀರಿಗೆ ಹೋಗದೆ ಕಾಯಿಲ್ಲೇ ಸುಡುತ್ತದೆ. ನೀರು ಕಾಯುವಾಗ ಗುಳುಗುಳು, ಟಪಟಪ ಸದ್ದು ಬಂದರೆ ಅದೇ ಸೂಚನೆ. ಬಿಚ್ಚಿದಾಗ ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವ ಮೆಗ್ನೀಸಿಯಂ ರಾಡನ್ನೂ ನೋಡಿ: ಸವೆದು ನಡುವಿನ ಕಂಬಿ ಕಂಡರೆ ಬದಲಿಸದೆ ಬಿಡಬೇಡಿ, ಮುಂದೆ ತೂತಾಗುವುದು ಟ್ಯಾಂಕೇ. ಗ್ಯಾಸ್ಕೆಟ್ ಹೊಸದೇ ಇರಲಿ. ಬಿಸಿನೀರಿನ ನಲ್ಲಿಯಲ್ಲಿ ನೀರು ಧಾರೆಯಾಗಿ ಬರುವವರೆಗೆ ಸ್ವಿಚ್ ಹಾಕಬೇಡಿ.

– ಓದುಗ ಎಲೆಕ್ಟ್ರೀಷಿಯನ್, ಕೋಲಾರ