ಕ್ಯಾಮೆರಾ ಇತ್ತು, ಮುಖ ಎಲ್ಲಿ?

ಮಾನ್ಯರೇ,

ಮಂಡಿಪೇಟೆಯಲ್ಲಿ ಅಂಗಡಿಯ ಷಟರ್ ಮೀಟಿದ ಕಳ್ಳತನದ ಸುದ್ದಿಗೆ ನಿಮ್ಮ ಪತ್ರಿಕೆಯಲ್ಲಿ ‘ಕಳ್ಳರ ಚಲನವಲನ ಸಿ.ಸಿ. ಕ್ಯಾಮೆರಾದಲ್ಲಿ ಸೆರೆ’ ಎಂಬ ತಲೆಬರಹ ಕೊಟ್ಟಿದ್ದೀರಿ. ಚಲನವಲನವೇನೋ ಸೆರೆಯಾಗಿದೆ, ಕಳ್ಳ ಆಗಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಊರೆಲ್ಲ ನೋಡಿದ ಆ ತುಣುಕಿನಲ್ಲಿ ಕಾಣುವುದು ಒಂದು ಟೋಪಿಯ ನೆತ್ತಿ, ಎರಡು ಭುಜ, ಸುತ್ತ ಬಿಳಿ ಮಬ್ಬು. ಮರುದಿನ ಬೆರಳಚ್ಚಿನವರು ಬರುವವರೆಗೆ ಇಡೀ ಸಾಲಿಗೆ ಹಗ್ಗ ಕಟ್ಟಿದರು. ಲಾರಿಗಳು ಲೋಡು ಇಳಿಸದೆ ನಿಂತವು, ಹಮಾಲರ ಅರ್ಧ ದಿನದ ಕೂಲಿ ಹೋಯಿತು, ಗಿರಾಕಿಗಳು ಬೇರೆ ಕಡೆ ಹೋದರು. ಕೊನೆಗೆ ಪೊಲೀಸ್ ಸಾಹೇಬರು ಬಂದು ‘ಎಲ್ಲರೂ ಕ್ಯಾಮೆರಾ ಹಾಕಿಸಿಕೊಳ್ಳಿ’ ಎಂದು ಹೇಳಿ ಜೀಪು ಹತ್ತಿದರು. ಸ್ವಾಮಿ, ಕ್ಯಾಮೆರಾ ಇತ್ತಲ್ಲ! ಅದನ್ನು ಎಲ್ಲಿ ಕೂರಿಸಬೇಕು ಅಂತ ಹೇಳುವವರೇ ಇಲ್ಲದ್ದು.

ಈ ಸಾಲಿನಲ್ಲಿ ತಲೆ ಎತ್ತಿ ನೋಡಿದರೆ ಸಾಕು. ಕಳ್ಳನ ಕೈಗೆ ಸಿಗಬಾರದೆಂದು ನಾಮಫಲಕದ ಮೇಲೆ, 14–15 ಅಡಿ ಎತ್ತರಕ್ಕೆ ಕ್ಯಾಮೆರಾ ಹೊಡೆದಿರುತ್ತಾರೆ. ಅಲ್ಲಿಂದ ಬಗ್ಗಿ ನೋಡುವ ಕ್ಯಾಮೆರಾಕ್ಕೆ ನೆತ್ತಿಯಲ್ಲದೆ ಇನ್ನೇನು ಕಂಡೀತು? ಮುಖ ಬೇಕೆಂದರೆ 8ರಿಂದ 9 ಅಡಿ ಎತ್ತರದಲ್ಲಿ, ಷಟರ್‌ನ ಒಂದು ಪಕ್ಕಕ್ಕೆ, ಜನ ಎದುರಾಗಿ ನಡೆದು ಬರುವ ದಿಕ್ಕಿಗೆ ಇರಬೇಕು. ಕಿತ್ತುಕೊಂಡು ಹೋಗುತ್ತಾರೆಂಬ ಭಯವಿದ್ದರೆ ಇದನ್ನು ಕಾಯಲು ಎದುರು ಮೂಲೆಯಿಂದ ಇನ್ನೊಂದು ಹಾಕಿ.

ಎರಡನೆಯದು ಲೆನ್ಸು. ಅಂಗಡಿಯವನು ‘ಇಡೀ ರಸ್ತೆ ಕಾಣುತ್ತೆ ಸಾರ್’ ಎಂದು ಕೊಡುವುದು 2.8 ಎಂ.ಎಂ. ಲೆನ್ಸು. ರಸ್ತೆ ಕಾಣುತ್ತದೆ, ನಿಜ. ಆದರೆ 2 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಆ ಲೆನ್ಸಿನಿಂದ ಮುಖ ಗುರುತು ಹಿಡಿಯಲು ಆಗುವುದು ಸುಮಾರು 10 ಅಡಿವರೆಗೆ ಮಾತ್ರ. 25 ಅಡಿ ದಾಟಿದರೆ ಯಾರೋ ಮನುಷ್ಯ ಹೋದ ಅನ್ನಬಹುದು, ಅಷ್ಟೆ. ಗೋಡೌನ್ ಪಕ್ಕದ ಉದ್ದನೆಯ ಸಂದಿಗೆ, ಅಗಲ ಕಡಿಮೆಯಾದರೂ ದೂರದ್ದನ್ನು ದೊಡ್ಡದಾಗಿ ತೋರಿಸುವ 6 ಎಂ.ಎಂ. ಲೆನ್ಸು ಬೇಕು.

ಆ ಬಿಳಿ ಮಬ್ಬು ಮಂಜೂ ಅಲ್ಲ, ಮಾಯೆಯೂ ಅಲ್ಲ. ರಾತ್ರಿ ಕ್ಯಾಮೆರಾ ಬಿಡುವ ಇನ್‌ಫ್ರಾರೆಡ್ ಬೆಳಕು ಹತ್ತಿರದ ಸಜ್ಜಾಕ್ಕೋ ಸುಣ್ಣದ ಗೋಡೆಗೋ ತಗುಲಿ ವಾಪಸು ಬರುತ್ತದೆ. ಕ್ಯಾಮೆರಾವನ್ನು ಸಜ್ಜಾದ ಅಂಚಿನಿಂದ ಸ್ವಲ್ಪ ಮುಂದಕ್ಕೆ ತಂದರೆ ಅರ್ಧ ಮಬ್ಬು ಹೋಗುತ್ತದೆ. ಉಳಿದರ್ಧ ಜೇಡರ ಬಲೆ, ಮತ್ತೆ ನಮ್ಮ ಪೇಟೆಯ ಮೆಣಸಿನಕಾಯಿ ದೂಳು. ಅದಕ್ಕೆ ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸಿ. ಒಳಗಿನ ಕ್ಯಾಮೆರಾವನ್ನು ಬಾಗಿಲಿಗೆ ನೇರ ಎದುರಾಗಿ ಇಟ್ಟರೆ ಹಗಲು ಹೊತ್ತು ಬಂದವರೆಲ್ಲ ಕಪ್ಪು ನೆರಳು. ಓರೆಯಾಗಿ ಇಡಿ, ಇಲ್ಲವೇ ಡಬ್ಲ್ಯುಡಿಆರ್ (ಬೆಳಕು-ನೆರಳು ಎರಡನ್ನೂ ಸರಿದೂಗಿಸುವ ವ್ಯವಸ್ಥೆ) ಇರುವುದನ್ನು ಕೊಳ್ಳಿ.

ಇನ್ನು ದೃಶ್ಯಗಳನ್ನು ದಾಖಲಿಸಿಡುವ ಪೆಟ್ಟಿಗೆ, ಡಿವಿಆರ್. ಗಲ್ಲಾದ ಕೆಳಗೆ ಮಿಣಮಿಣ ದೀಪ ಹಾಕಿಕೊಂಡು ಕೂತಿರುತ್ತದೆ. ಕಳ್ಳ ದುಡ್ಡಿನ ಜೊತೆ ಸಾಕ್ಷಿಯನ್ನೂ ಹೊತ್ತೊಯ್ಯಲಿ ಎಂದೇ ಇಟ್ಟಂತಿದೆ. ಅಟ್ಟದ ಮೇಲೆ, ಗಾಳಿಯಾಡುವ ಬೀಗದ ಪೆಟ್ಟಿಗೆಯಲ್ಲಿರಲಿ. ಮೀಟರ್ ಬೋರ್ಡು ಹೊರಗಿದ್ದರೆ ಕಳ್ಳ ಮೊದಲು ಇಳಿಸುವುದೇ ಕರೆಂಟು ಕಡಿಯುವ ಎಂಸಿಬಿ ಸ್ವಿಚ್ಚು. ಹಾಗಾಗಿ ಒಂದು ಕ್ಯಾಮೆರಾ ಅದನ್ನೇ ನೋಡುತ್ತಿರಬೇಕು, ಡಿವಿಆರ್‌ಗೂ ಕ್ಯಾಮೆರಾಗಳಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್‌ಗೂ ಯುಪಿಎಸ್ ಇರಬೇಕು. ಡಿಸ್ಕಿನ ಲೆಕ್ಕವನ್ನಂತೂ ಯಾರೂ ಕೇಳುವುದಿಲ್ಲ. ಒಂದೊಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ನಾಲ್ಕು ಓಡಿದರೆ ದಿನಕ್ಕೆ ಸುಮಾರು 86 ಜಿ.ಬಿ. 1 ಟಿ.ಬಿ. ಡಿಸ್ಕು 11 ದಿನಕ್ಕೆ ತುಂಬಿ ಹಳೆಯದನ್ನು ಅಳಿಸುತ್ತದೆ. ಜನ ಹೆಚ್ಚು ಸೇರುವ ಜಾಗಗಳಲ್ಲಿ 30 ದಿನದ ದೃಶ್ಯ ಇಟ್ಟಿರಬೇಕು ಎನ್ನುತ್ತದೆ ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ. ಅದಕ್ಕೆ 3 ಟಿ.ಬಿ.ಯಾದರೂ ಬೇಕು. ಕ್ಯಾಮೆರಾ ಹಾಕಿಸಿ ಎಂದು ನೋಟಿಸು ಕೊಡುವವರು ಇದನ್ನು ಹೇಳುತ್ತಾರೆಯೇ? ಅವರಿಗೆ ಗೊತ್ತಿದ್ದರೆ ತಾನೇ.

ಇಷ್ಟೆಲ್ಲ ಸರಿಯಾಗಿ ಹಾಕಿಸಿಕೊಂಡವರ ಪಾಡು ಇನ್ನೂ ಚೆಂದ. ತನಿಖೆಗೆಂದು ಡಿವಿಆರನ್ನೇ ಎತ್ತಿಕೊಂಡು ಹೋಗುತ್ತಾರೆ, ವಾಪಸು ಯಾವಾಗ ಎಂದು ಕೇಳಿದರೆ ‘ಕೋರ್ಟಿನಲ್ಲಿ ಕೇಳಿ’. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರದೊಂದಿಗೆ ಪ್ರತಿ ಕೊಟ್ಟರೂ ಸಾಕ್ಷ್ಯವಾಗುತ್ತದೆ. ಆ ಪ್ರಮಾಣಪತ್ರ ಬರೆಸಿಕೊಳ್ಳುವ ತೊಂದರೆ ಯಾರು ತೆಗೆದುಕೊಳ್ಳಬೇಕು?

ಸರ್ಕಾರಿ ಕಂಬದ ಕ್ಯಾಮೆರಾಗಳ ಕಥೆ ಕೇಳಲೇಬೇಡಿ. ಒಂದರ ಮುಂದೆ ಹೊಂಗೆ ಕೊಂಬೆ, ಇನ್ನೊಂದರ ಮುಂದೆ ಮರಿ ನಾಯಕರ ಹುಟ್ಟುಹಬ್ಬದ ಫ್ಲೆಕ್ಸು. ಸ್ಮಾರ್ಟ್ ಸಿಟಿ ಆಗುವ ಭರದಲ್ಲಿ ಅಗೆದ ರಸ್ತೆಯಲ್ಲಿ ಕೇಬಲ್ ಎಲ್ಲೆಲ್ಲಿ ತುಂಡಾಗಿದೆಯೋ ಆ ಗುತ್ತಿಗೆದಾರನಿಗೇ ಗೊತ್ತು. ಬೀದಿದೀಪ ಹಗಲು ಉರಿದು ರಾತ್ರಿ ಮಲಗುತ್ತದೆ. ಹಿಂದೆ ಮೂಲೆಯಂಗಡಿಯಲ್ಲಿ ನೇತು ಹಾಕಿರುತ್ತಿದ್ದ, ಗಸ್ತಿನ ಪೊಲೀಸರು ಸಹಿ ಹಾಕುವ ಬೀಟ್ ಪುಸ್ತಕ ಎಲ್ಲಿ ಹೋಯಿತು?

ಸಂಬಂಧಪಟ್ಟವರು ಕೂಡಲೇ ಬೀದಿದೀಪ ಸರಿಪಡಿಸಲಿ, ರಾತ್ರಿ ಗಸ್ತು ಹೆಚ್ಚಿಸಲಿ. ಅದಾಗದಿದ್ದರೆ ಕಂಬದ ಕ್ಯಾಮೆರಾ ಒರೆಸಲಿಕ್ಕಾದರೂ ಒಬ್ಬರನ್ನು ಕಳಿಸಲಿ. ಅದೂ ಆಗದಿದ್ದರೆ ನಮಗೆ ಬುದ್ಧಿ ಹೇಳುವುದನ್ನಾದರೂ ಬಿಡಲಿ.

– ನೊಂದ ವರ್ತಕ, ಮಂಡಿಪೇಟೆ, ತುಮಕೂರು