ತಿಂಗಳಿಗೊಂದು ಭಾನುವಾರ, ಒಂದು ಗಾಡಿ: ಕೊಡಗು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ನಮಸ್ಕಾರ.

ನಮಗೆ ಮೂರು ಸಹಾಯ ಬೇಕು. ತಿಂಗಳಿಗೆ ಒಂದು ಭಾನುವಾರ ಬೆಳಿಗ್ಗೆ 9 ಗಂಟೆಗೆ ಕಸ ತುಂಬಿಕೊಂಡು ಹೋಗೋಕೆ ಒಂದು ಗಾಡಿ, ಫೋನ್ ಮಾಡಿದರೆ ಎತ್ತುವ ಒಬ್ಬ ಅಧಿಕಾರಿ, ಮತ್ತು ನಮ್ಮಂಥವರು ಕೈಯಾರೆ ಮಾಡಬಹುದಾದ ಕೆಲಸಗಳ ಒಂದು ಪಟ್ಟಿ. ಕೇಳುವುದು ಇಷ್ಟೇ. ಯಾಕೆ ಅನ್ನೋದನ್ನು ಸ್ವಲ್ಪ ಉದ್ದಕ್ಕೆ ಹೇಳಬೇಕು, ದಯವಿಟ್ಟು ಪೂರ್ತಿ ಓದಿ.

ನಾನು ಮಡಿಕೇರಿಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಬೆಳಗಿನಿಂದ ರಾತ್ರಿವರೆಗೆ ಕೂತೇ ಇರುವ ಕೆಲಸ. ನಲವತ್ತೈದು ದಾಟಿದ ಮೇಲೆ ಡಾಕ್ಟರು ಶುಗರ್ ಬಾರ್ಡರ್‌ನಲ್ಲಿದೆ, ದಿನಾ ನಡೀರಿ ಅಂದರು. ಮೂರು ವಾರ ಒಬ್ಬನೇ ನಡೆದೆ. ಮಳೆ ಹಿಡಿಯಿತು, ಬಿಟ್ಟೆ. ಆಮೇಲೆ ನಮ್ಮ ಬೀದಿಯ ಟೀಚರ್ ಒಬ್ಬರು, ಒಬ್ಬ ಆಟೋ ಡ್ರೈವರ್, ಆಸ್ಪತ್ರೆಯಲ್ಲಿ ಕೆಲಸ ಮಾಡುವ ಇಬ್ಬರು ಸಿಸ್ಟರ್, ಹೋಂಸ್ಟೇ ನಡೆಸುವ ಗಂಡ ಹೆಂಡತಿ, ಕಾಲೇಜು ಹುಡುಗರು, ಹೀಗೆ ಒಬ್ಬೊಬ್ಬರೇ ಸೇರಿ ಈಗ ಹದಿನಾಲ್ಕು ಜನ ಆಗಿದ್ದೇವೆ. ಭಾನುವಾರ ಗಾಂಧಿ ಮೈದಾನದಲ್ಲಿ ಸೇರಿ ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳುತ್ತೇವೆ. ಆಮೇಲೆ ಆಗುವವರು ಓಡುತ್ತಾ, ಆಗದವರು ಬಿರುಸಾಗಿ ನಡೆಯುತ್ತಾ ಹೊರಡುತ್ತೇವೆ. ಕೈಗೆ ಗ್ಲೌಸ್, ಸೊಂಟಕ್ಕೆ ಮಡಚಿ ಸಿಕ್ಕಿಸಿದ ಚೀಲ. ದಾರಿಯಲ್ಲಿ ಕಂಡ ಕಸ ಹೆಕ್ಕುತ್ತೇವೆ. ಜೊತೆಗೆ ಜನ ಕಾಯುತ್ತಿರುತ್ತಾರೆ ಅಂತ ಗೊತ್ತಿರುವುದರಿಂದ ನಾನು ಒಂದು ವಾರವೂ ತಪ್ಪಿಸಿಲ್ಲ.

ಇದೆಂಥಾ ವ್ಯಾಯಾಮ ಅಂತ ಕೇಳುವವರಿದ್ದಾರೆ. ಮಡಿಕೇರಿಯ ರಸ್ತೆ ನಿಮಗೆ ಗೊತ್ತಲ್ವಾ, ಒಂದೋ ಏರು, ಇಲ್ಲಾ ಇಳಿಜಾರು. ಬಿದ್ದದ್ದನ್ನು ಹೆಕ್ಕುವಾಗ ಬೆನ್ನು ಬಗ್ಗಿಸಬೇಡಿ, ಮಂಡಿ ಮಡಚಿ ಕೂತು ಏಳಿ ಅಂತ ಸಿಸ್ಟರ್ ಮೊದಲ ದಿನವೇ ಹೇಳಿಕೊಟ್ಟರು. ಹಾಗೆ ನೂರು ಸಲ ಕೂತು ಎದ್ದರೆ ಅದು ಬಸ್ಕಿಯೇ. ತುಂಬಿದ ಚೀಲ ಎರಡು ಕೈಲಿ ಹಿಡಿದು ಏರು ಹತ್ತಿ ನೋಡಿ, ಮಾರನೇ ದಿನ ತೊಡೆ, ಭುಜ, ಮುಂಗೈ ಎಲ್ಲಾ ಹಿಡಿದುಕೊಂಡಿರುತ್ತವೆ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಬೇಕು, ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಒಂದು ಭಾನುವಾರದಲ್ಲೇ ಎರಡು ಗಂಟೆ ಕಳೆಯುತ್ತದೆ. ಫೀಸ್ ಇಲ್ಲ, ಮೆಷಿನ್ ಬೇಡ, ಅರವತ್ತು ದಾಟಿದವರೂ ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಮಾಡುತ್ತಾರೆ.

ಒಂದು ದಿನದ ವಿಷಯ ಹೇಳುತ್ತೇನೆ. ಅಬ್ಬಿ ಜಲಪಾತದ ಕಡೆ ಹೋಗುವ ರಸ್ತೆಯಲ್ಲಿ ದರೆಗೆ ಅಂಟಿಕೊಂಡಂತೆ ಒಂದು ನೀರಿನ ಬಾಟಲಿ ಕಂಡಿತು. ಕಾಲೇಜು ಹುಡುಗಿ ಎಳೆದಳು, ಬರಲಿಲ್ಲ. ನಾನೂ ಕೈ ಹಾಕಿದೆ. ನೋಡಿದರೆ ಬಾಟಲಿಯೊಳಗೆ ಅರ್ಧ ಮಣ್ಣು ತುಂಬಿ, ಬಾಯಿಯಿಂದ ಒಂದು ಜರಿಗಿಡ ಹೊರಗೆ ಬಂದಿದೆ, ಅದರ ಬೇರು ಪ್ಲಾಸ್ಟಿಕ್ಕಿನ ಸುತ್ತ ಬಲೆ ಹೆಣೆದಿದೆ. ಎಷ್ಟು ಮಳೆಗಾಲ ಅಲ್ಲೇ ಇತ್ತೋ. ಬೇರು ಬಿಡಿಸಿ ಗಿಡವನ್ನು ಅಲ್ಲೇ ಮಣ್ಣಿಗೆ ಒತ್ತಿ ಬಂದೆವು. ಅದೇ ರಸ್ತೆಯ ಮೋರಿಯೊಂದರ ಬಾಯಲ್ಲಿ ಚಿಪ್ಸ್ ಕವರ್, ಗುಟ್ಕಾ ಸ್ಯಾಚೆಟ್, ಡೈಪರ್, ಥರ್ಮಾಕೋಲ್ ತಟ್ಟೆ ಎಲ್ಲಾ ಸೇರಿ ಕೆಸರಿನ ಜೊತೆ ಗಟ್ಟಿಯಾಗಿ ಕೂತಿತ್ತು. 2018ರ ಆಗಸ್ಟ್‌ನ ಮಳೆ, ಭೂಕುಸಿತ ನೋಡಿದವರು ನಾವು, ನೀರು ದಾರಿ ತಪ್ಪಿ ನಿಂತಿದ್ದು ಕಂಡರೆ ಹೆದರಿಕೆ ಆಗುತ್ತದೆ. ದರೆ ಕುಸಿಯೋಕೆ ಕಾರಣ ಹಲವು ಅಂತ ಗೊತ್ತು. ಆದರೆ ಮೋರಿ ಕಟ್ಟಿಕೊಂಡರೆ ನೀರು ರಸ್ತೆ ಮೇಲೆ ಹರಿದು, ಅಂಚು ಕೊರೆದು, ಇಳಿಯಬಾರದ ಕಡೆ ಇಳಿಯುತ್ತದೆ. ಎರಡು ಪಿಕಾಸಿ, ಆರು ಜನ, ಮುಕ್ಕಾಲು ಗಂಟೆ. ಮೋರಿ ಬಿಡಿಸಿದಾಗ ನೀರು ಗುಳುಗುಳು ಅಂತ ಹರಿದು ಹೋದ ಸದ್ದು ಇನ್ನೂ ಕಿವಿಯಲ್ಲಿದೆ.

ಆ ದಿನ ಇಪ್ಪತ್ತೆರಡು ಚೀಲ ತುಂಬಿದವು. ತೊಂದರೆ ಶುರುವಾದದ್ದೇ ಅಲ್ಲಿಂದ.

ಚೀಲ ಕಟ್ಟಿ ರಸ್ತೆ ಬದಿ ಸಾಲಾಗಿ ಇಟ್ಟು ಒಂದು ಕಡೆ ಫೋನ್ ಮಾಡಿದೆವು. ಅದು ನಮ್ಮ ವ್ಯಾಪ್ತಿಗೆ ಬರಲ್ಲ ಅಂದರು. ಅವರು ಹೇಳಿದ ಕಡೆ ಮಾಡಿದೆವು. ಅವರೂ ಅದನ್ನೇ ಹೇಳಿದರು. ಯಾರನ್ನೂ ದೂರುವ ಉದ್ದೇಶ ನನಗಿಲ್ಲ, ಭಾನುವಾರ ಅವರ ಹತ್ತಿರವೂ ಜನ ಇರಲಿಕ್ಕಿಲ್ಲ, ಗಾಡಿ ಇರಲಿಕ್ಕಿಲ್ಲ. ಆದರೆ ಚೀಲಗಳು ಒಂಬತ್ತು ದಿನ ಅಲ್ಲೇ ಇದ್ದವು. ನಾಯಿ, ಕೋತಿ ಸೇರಿ ಹರಿದವು. ಒಂದು ಮಳೆ ಬಂತು, ಅರ್ಧ ಕಸ ಪುನಃ ಚರಂಡಿಗೆ ಹೋಯಿತು. ಮುಂದಿನ ವಾರ ಅಲ್ಲಿಗೆ ಹೋದಾಗ ಗುಂಪಿನ ಅತಿ ಚಿಕ್ಕ ಹುಡುಗ, "ಅಣ್ಣಾ, ಇದನ್ನೇ ಇನ್ನೊಂದ್ಸಲ ಹೆಕ್ಕಬೇಕಾ?" ಅಂತ ಕೇಳಿದ. ಹೆಕ್ಕಿದೆವು. ಕೊನೆಗೆ ನಮ್ಮ ಆಟೋ ಡ್ರೈವರ್ ತನ್ನ ಗಾಡಿಯಲ್ಲೇ ನಾಲ್ಕು ಟ್ರಿಪ್ ಹೊಡೆದು ಸಾಗಿಸಿದರು, ಆ ದಿನದ ಬಾಡಿಗೆ ಬಿಟ್ಟು. ಅದಾದ ಮೇಲೆ ಇಬ್ಬರು ಬರುವುದು ನಿಲ್ಲಿಸಿದರು. ಅವರನ್ನು ತಪ್ಪು ಅನ್ನಲಾರೆ. ಬೆನ್ನುನೋವನ್ನು ಜನ ಸಹಿಸಿಕೊಳ್ಳುತ್ತಾರೆ, ಮಾಡಿದ ಕೆಲಸ ಕಣ್ಣೆದುರೇ ಹಾಳಾಗುವುದನ್ನು ಸಹಿಸೋದು ಕಷ್ಟ. ಮೊದಲ ಸಾಲಿನಲ್ಲೇ ಗಾಡಿ ಕೇಳಿದ್ದು ಅದಕ್ಕೇ.

ಇದು ನಾವು ಕಂಡುಹಿಡಿದದ್ದೇನೂ ಅಲ್ಲ. ಸ್ವೀಡನ್ನಿನಲ್ಲಿ ಎರಿಕ್ ಆಲ್‌ಸ್ಟ್ರೋಮ್ ಅನ್ನುವವರು 2016ರಲ್ಲಿ ಓಡುತ್ತಾ ಕಸ ಹೆಕ್ಕುವುದನ್ನು ಶುರು ಮಾಡಿದರು, ಅದಕ್ಕೆ ಪ್ಲಾಗಿಂಗ್ ಅಂತ ಹೆಸರಾಯಿತು. ಅದಕ್ಕೂ ಮೊದಲೇ, 2008ರಲ್ಲಿ, ಜಪಾನಿನಲ್ಲಿ ಕಸ ಹೆಕ್ಕುವುದನ್ನೇ ಪಂದ್ಯ ಮಾಡಿದರು. ಸ್ಪೊಗೊಮಿ ಅಂತ ಹೆಸರು. ತಂಡ ಕಟ್ಟಿಕೊಂಡು ಗೊತ್ತು ಮಾಡಿದ ಹೊತ್ತಿನೊಳಗೆ ಹೆಕ್ಕಬೇಕು, ಆಮೇಲೆ ವಿಂಗಡಿಸಬೇಕು, ತೂಕಕ್ಕೂ ಬಗೆಗೂ ಅಂಕ. 2023ರಲ್ಲಿ ಟೋಕಿಯೋದಲ್ಲಿ ಅದರ ವಿಶ್ವಕಪ್ಪೇ ಆಯಿತು, ಬ್ರಿಟನ್ ತಂಡ ಗೆದ್ದಿತು. ನಮ್ಮ ದೇಶದಲ್ಲೂ 2019ರ ಅಕ್ಟೋಬರ್ 2ರಂದು ಫಿಟ್ ಇಂಡಿಯಾ ಪ್ಲಾಗ್ ರನ್ ನಡೆಯಿತು. ಗಾಂಧಿ ಜಯಂತಿ ವರ್ಷಕ್ಕೆ ಒಂದೇ ಸಲ ಬರುತ್ತದೆ, ಭಾನುವಾರ ವಾರವಾರವೂ ಬರುತ್ತದೆ.

ಜಪಾನಿನ ಪಂದ್ಯದ ಬಗ್ಗೆ ಓದಿದಾಗ ನನಗೆ ನೆನಪಾದದ್ದು ನಮ್ಮ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ. 1997ರಲ್ಲಿ ಕರಡದಲ್ಲಿ 60 ತಂಡಗಳಿಂದ ಶುರುವಾದದ್ದು ಈಗ 300 ದಾಟಿದೆ. ಅಜ್ಜನೂ ಮೊಮ್ಮಗಳೂ ಒಂದೇ ಮನೆತನದ ಹೆಸರಲ್ಲಿ ಮೈದಾನಕ್ಕೆ ಇಳಿಯುವ ಜಿಲ್ಲೆ ಇದು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ನೆಲ. ಮೈ ದಣಿಸೋಕೆ ಹಿಂಜರಿಯುವ ಜನ ಅಲ್ಲ ನಾವು. ಓಣಿಗೊಂದು, ಶಾಲೆಗೊಂದು, ಕುಟುಂಬಕ್ಕೊಂದು ತಂಡ ಅಂತ ನಿಮ್ಮ ಕಡೆಯಿಂದ ಒಂದು ಕರೆ ಬಂದರೆ ಸಾಕು, ಎಷ್ಟು ತಂಡ ಬರುತ್ತವೆ ನೋಡಿ.

ಆದರೆ ಕಸ ಒಂದೇ ಕೆಲಸ ಅಲ್ಲ. ನನ್ನ ಮನಸ್ಸಿಗೆ ಹೆಚ್ಚು ಹತ್ತಿರದ್ದು ಇನ್ನೊಂದಿದೆ. ಲಂಡನ್ನಿನಲ್ಲಿ ಗುಡ್‌ಜಿಮ್ ಅನ್ನುವ ಒಂದು ಸಂಸ್ಥೆ ಇದೆ. ಅಲ್ಲಿನ ಓಟಗಾರರು ಒಂಟಿಯಾಗಿರುವ ಹಿರಿಯರ ಮನೆಯವರೆಗೆ ಓಡಿ ಹೋಗುತ್ತಾರೆ, ಸ್ವಲ್ಪ ಹೊತ್ತು ಮಾತಾಡುತ್ತಾರೆ, ವಾಪಸ್ ಓಡುತ್ತಾರೆ. ಆ ಹಿರಿಯರನ್ನು ಕೋಚ್ ಅಂತ ಕರೆಯುತ್ತಾರಂತೆ, ಯಾಕಂದರೆ ಅವರು ಕಾಯುತ್ತಿರುತ್ತಾರೆ ಅನ್ನುವ ಕಾರಣಕ್ಕೇ ಇವರು ಓಟ ತಪ್ಪಿಸುವುದಿಲ್ಲ.

ಕೊಡಗಿನಲ್ಲಿ ಅಂಥ ಮನೆ ಎಷ್ಟಿವೆ ಅಂತ ನಿಮಗೂ ಗೊತ್ತು. ಮಕ್ಕಳು ಬೆಂಗಳೂರಿನಲ್ಲಿ, ಇಲ್ಲಾ ಇನ್ನೂ ದೂರದಲ್ಲಿ. ಮುಖ್ಯರಸ್ತೆಯಿಂದ ಒಂದು ಕಿಲೋಮೀಟರ್ ತೋಟದೊಳಗೆ ಮನೆ, ಮನೆಯಲ್ಲಿ ಒಬ್ಬರೋ ಇಬ್ಬರೋ ವಯಸ್ಸಾದವರು. ಕಳೆದ ಮೇ ತಿಂಗಳಲ್ಲಿ ನಮ್ಮ ಟೀಚರ್‌ಗೆ ಪರಿಚಯದ ಒಬ್ಬ ಅಜ್ಜಿಯ ಮನೆಗೆ ಹೋದೆವು. ಮಳೆಗಾಲಕ್ಕೆ ಮುಂಚೆ ಸೌದೆ ಒಟ್ಟಬೇಕಿತ್ತು, ಮನೆ ಹಿಂದಿನ ಚರಂಡಿ ತೆಗೆಯಬೇಕಿತ್ತು. ಕೂಲಿಗೆ ಜನ ಸಿಕ್ಕಿರಲಿಲ್ಲ. ರಸ್ತೆಯಿಂದ ಮನೆವರೆಗೆ ಓಡಿಕೊಂಡೇ ಹೋದೆವು. ಅಂಗಳದಿಂದ ಕೊಟ್ಟಿಗೆವರೆಗೆ ಸಾಲಾಗಿ ನಿಂತು ಸೌದೆ ಕೈಯಿಂದ ಕೈಗೆ ದಾಟಿಸಿದೆವು. ಅಜ್ಜಿ ಜಗಲಿಯಲ್ಲಿ ಕೂತು ದಪ್ಪ ಸೌದೆ ಕೆಳಗೆ, ಸಣ್ಣದು ಮೇಲೆ, ತೊಗಟೆ ಮೇಲ್ಮುಖ ಅಂತ ಹೇಳಿಕೊಡುತ್ತಿದ್ದರು. ಕೆಲಸ ಮುಗಿದ ಮೇಲೆ ಎಲ್ಲರಿಗೂ ಬೆಲ್ಲದ ಕಾಫಿ. ಹೊರಡುವಾಗ ಸೌದೆಗೆ ಥ್ಯಾಂಕ್ಸ್ ಹೇಳಲಿಲ್ಲ, "ಇನ್ನು ಯಾವಾಗ ಬರ್ತೀರಿ?" ಅಂತ ಕೇಳಿದರು. ಹದಿನಾಲ್ಕು ಜನ ಎಷ್ಟು ಮನೆಗೆ ಹೋಗೋಕಾಗುತ್ತದೆ ಹೇಳಿ? ಆಶಾ ಕಾರ್ಯಕರ್ತೆಯರಿಗೂ ಗ್ರಾಮ ಪಂಚಾಯಿತಿಯವರಿಗೂ ಇಂಥ ಮನೆ ಗೊತ್ತಿರುತ್ತದೆ. ಮನೆಯವರ ಒಪ್ಪಿಗೆ ತೆಗೆದುಕೊಂಡು ಒಂದು ಪಟ್ಟಿ ಮಾಡಿಸಿಕೊಟ್ಟರೆ ಊರೂರಿನ ಗುಂಪುಗಳು ಹಂಚಿಕೊಳ್ಳಬಹುದು.

ಸುರಕ್ಷತೆ ಬಗ್ಗೆ ನಿಮಗೆ ಚಿಂತೆ ಬರುವುದು ಸಹಜ, ನಮಗೂ ಇದೆ. ಸಿದ್ದಾಪುರ, ವಿರಾಜಪೇಟೆ, ಪೊನ್ನಂಪೇಟೆ ಕಡೆ ನಸುಕಿನಲ್ಲಿ ರಸ್ತೆಗಿಳಿದರೆ ಆನೆ ಎದುರಾಗಬಹುದು. ಹಾಗಾಗಿ ಪೂರ್ತಿ ಬೆಳಕು ಹರಿದ ಮೇಲೇ ಹೊರಡಬೇಕು. ಹಿಂದಿನ ರಾತ್ರಿ ಯಾವ ತೋಟದಲ್ಲಿ ಆನೆ ಇದೆ ಅಂತ ಅರಣ್ಯ ಇಲಾಖೆಯಿಂದ ಗುಂಪಿಗೆ ಒಂದು ಮೆಸೇಜ್ ಬಂದರೆ ತುಂಬಾ ಸಹಾಯ. ಸೂಜಿ, ಒಡೆದ ಗಾಜು ಕಂಡರೆ ನಾವು ಮುಟ್ಟುವುದಿಲ್ಲ, ಪಕ್ಕದಲ್ಲಿ ಕೋಲು ನೆಟ್ಟು ಗುರುತು ಮಾಡುತ್ತೇವೆ. ಜೂನ್‌ನಿಂದ ಆಗಸ್ಟ್‌ವರೆಗೆ ದರೆ ಪಕ್ಕದ ಕೆಲಸ ಬೇಡವೇ ಬೇಡ. ದೇವರಕಾಡಿನ ಒಳಗೂ ಹೋಗುವುದು ಬೇಡ, ಸಂಬಂಧಪಟ್ಟವರು ಒಪ್ಪಿದರೆ ಅಂಚಿನ ಕಸ ಮಾತ್ರ ತೆಗೆಯೋಣ.

ವರ್ಷದ ಲೆಕ್ಕವೂ ಕಷ್ಟ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಚರಂಡಿ, ಮೋರಿ, ಸೌದೆ. ಮಡಿಕೇರಿ ದಸರಾದ ದಶಮಂಟಪಗಳು ರಾತ್ರಿಯಿಡೀ ಸಾಗಿದ ಮೇಲೆ ಬೆಳಿಗ್ಗೆ ಬೀದಿ ಹೇಗಿರುತ್ತದೆ ಅಂತ ಪೌರಕಾರ್ಮಿಕರನ್ನು ಕೇಳಿ, ಆ ದಿನ ಅವರ ಜೊತೆ ನಾವಿರುತ್ತೇವೆ. ಅಕ್ಟೋಬರ್ 17ರ ಆಸುಪಾಸು ತಲಕಾವೇರಿಯ ತೀರ್ಥೋದ್ಭವ ಮುಗಿದ ಮೇಲಿನ ಭಾನುವಾರ ಭಾಗಮಂಡಲದಲ್ಲಿ ಕೆಲಸ. ಕಾವೇರಿ ಇಲ್ಲಿಂದ ಹೊರಟು ಬೆಂಗಳೂರು, ಮೈಸೂರಿನವರಿಗೂ ಕುಡಿಯುವ ನೀರಾಗುತ್ತಾಳೆ, ಹುಟ್ಟಿದ ಕಡೆಯೇ ಬಾಟಲಿ ತೇಲಬಾರದು. ಡಿಸೆಂಬರ್‌ನಿಂದ ಕಾಫಿ ಕೊಯ್ಲು, ಆಗ ತೋಟದವರಿಗೆ ಬಿಡುವಿರಲ್ಲ, ಪಟ್ಟಣದವರಷ್ಟೇ ಸೇರುತ್ತೇವೆ.

ಈ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ 6.45ಕ್ಕೆ ಗಾಂಧಿ ಮೈದಾನದಲ್ಲಿ ಇರುತ್ತೇವೆ. ನೀವೂ ಬನ್ನಿ. ಸ್ವಾಗತ ಭಾಷಣ, ಹಾರ ಏನೂ ಇರಲ್ಲ. ಗ್ಲೌಸ್ ನಮ್ಮ ಹತ್ತಿರ ಇದೆ, ಹಿಡಿತ ಇರುವ ಶೂ ಹಾಕಿಕೊಂಡು ಬನ್ನಿ. ಗಾಡಿ 9 ಗಂಟೆಗೆ ಬಂದರೆ ಸಾಕು.

ಇಂತಿ,
ಮಡಿಕೇರಿಯ ಒಬ್ಬ ಅಂಗಡಿಯವ, ಮತ್ತು ಭಾನುವಾರದ ಹದಿಮೂರು ಜನ