ಈ ಪಿಎಚ್.ಡಿ.ಯಲ್ಲಿ ಪಾಲಿರುವ ಎಲ್ಲರಿಗೂ

ಹೋದ ವಾರ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ನನ್ನ ಮೌಖಿಕ ಪರೀಕ್ಷೆ ಮುಗಿಯಿತು. ಮಾನವ ಸಂಪನ್ಮೂಲ ಅಭಿವೃದ್ಧಿ ವಿಷಯದಲ್ಲಿ ಪಿಎಚ್.ಡಿ. ಪದವಿಗೆ ಪರೀಕ್ಷಕರು ಶಿಫಾರಸು ಮಾಡಿದ್ದಾರೆ. ಫೋನ್ ಮಾಡಿ ಹಾರೈಸಿದ ಎಲ್ಲರಿಗೂ ನಮಸ್ಕಾರ. ಈ ಹಾರೈಕೆ ಮೊದಲು ಸಲ್ಲಬೇಕಾದವರು ಬೇರೆ ಇದ್ದಾರೆ. ಅವರ ಬಗ್ಗೆ ಬರೆಯದೆ ನನಗೆ ಸಮಾಧಾನವಿಲ್ಲ.

ನಾನು ಅಧ್ಯಯನ ಮಾಡಿದ್ದು ಪೀಣ್ಯದ ಸುತ್ತಮುತ್ತ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳನ್ನು. ಟೈಲರ್ ಆಗಿದ್ದವರಿಗೆ ಸೂಪರ್‌ವೈಸರ್ ಆಗಲು ತರಬೇತಿ ಕೊಡುತ್ತಾರಲ್ಲ, ಅಲ್ಲಿ ಕಲಿತದ್ದು ಮರಳಿ ಹೊಲಿಗೆ ಲೈನ್‌ಗೆ ಬಂದಾಗ ಎಷ್ಟು ಉಳಿಯುತ್ತದೆ ಎಂಬುದು ನನ್ನ ಪ್ರಶ್ನೆ. ತರಬೇತಿಯನ್ನು ಅಳೆಯಲು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ಪ್ರತಿಕ್ರಿಯೆ, ಕಲಿಕೆ, ನಡವಳಿಕೆ, ಫಲಿತಾಂಶ ಎಂಬ ನಾಲ್ಕು ಹಂತಗಳನ್ನು ಹೇಳಿದ್ದರು. ನಾನು ಕಂಡ ತರಬೇತಿಗಳು ಹೆಚ್ಚಾಗಿ ಮೊದಲನೆಯದರಲ್ಲೇ, ಒಂದು ಫೀಡ್‌ಬ್ಯಾಕ್ ಫಾರಂ ತುಂಬಿಸಿಕೊಂಡು ಮುಗಿಯುತ್ತಿದ್ದವು. ನನಗೆ ಬೇಕಿದ್ದದ್ದು ಮೂರನೆಯದು, ನಡವಳಿಕೆ.

ಅನುಮತಿ ಕೊಟ್ಟಿದ್ದ ಕಾರ್ಖಾನೆಯೊಂದು ಅರ್ಧದಲ್ಲಿ ಅದನ್ನು ಹಿಂತೆಗೆದುಕೊಂಡಿತು. ಇನ್ನು ಕೆಲಸ ನಿಂತಂತೆಯೇ ಅಂದುಕೊಂಡಿದ್ದೆ. ಆಗ ಅಲ್ಲಿನ ಟೈಲರ್ ಅಕ್ಕ ಒಬ್ಬರು ಗೇಟಿನ ಹತ್ತಿರ ಬಂದು, "ಭಾನುವಾರ ಲಗ್ಗೆರೆಗೆ ಬನ್ನಿ ಮೇಡಂ. ಇಲ್ಲಿ ಕೇಳಿದ್ರೆ ಎಲ್ರೂ ಚೆನ್ನಾಗಿದೆ ಅಂತಾನೇ ಹೇಳೋದು" ಅಂದರು. ಅಲ್ಲಿಂದ ಮುಂದಿನ ಸಂದರ್ಶನಗಳೆಲ್ಲ ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆಯ ಮನೆಗಳಲ್ಲೇ ನಡೆದವು. ಬಟ್ಟೆ ಒಗೆಯುವುದು, ರೇಷನ್ ತರುವುದು, ಮಕ್ಕಳ ತಲೆಗೆ ಎಣ್ಣೆ ಹಚ್ಚುವುದು ಎಲ್ಲಕ್ಕೂ ಅವರಿಗಿದ್ದದ್ದು ವಾರದ ಆ ಒಂದೇ ರಜೆ. ಅದರಲ್ಲೇ ನನಗೂ ಹೊತ್ತು ಕೊಟ್ಟರು, ಊಟ ಮಾಡಿಸದೆ ಕಳಿಸಲಿಲ್ಲ.

ನನ್ನ ಪ್ರಬಂಧದ ತಿರುಳು ಅವರ ಮಾತಿನಲ್ಲೇ ಇತ್ತು. "ಟ್ರೈನಿಂಗಲ್ಲಿ ಯಾರನ್ನೂ ಬೈಬಾರ್ದು ಅಂತ ಹೇಳ್ಕೊಡ್ತಾರೆ. ಗಂಟೆ ಟಾರ್ಗೆಟ್ ತಪ್ಪಿದ್ರೆ ಮೇಲಿನವ್ರು ನಮ್ಮನ್ನ ಬೈತಾರೆ. ಆಗ ಕಲ್ತಿದ್ದು ಎಲ್ಲಿ ನೆನಪಿರುತ್ತೆ?" ಎಂದು ಒಬ್ಬರು ಕೇಳಿದರು. ಕಲಿತದ್ದು ಕೆಲಸಕ್ಕೆ ಇಳಿಯಬೇಕಾದರೆ ಕಲಿಯುವವರು, ಕಲಿಸುವ ಬಗೆ, ಕೆಲಸದ ವಾತಾವರಣ ಮೂರೂ ಮುಖ್ಯ ಎಂದು ಬಾಲ್ಡ್‌ವಿನ್ ಮತ್ತು ಫೋರ್ಡ್ 1988ರಲ್ಲಿ ಬರೆದದ್ದನ್ನು ನಾನು ಎಷ್ಟೋ ಸಲ ಓದಿದ್ದೆ. ಆ ವಾತಾವರಣ ಎಂದರೇನೆಂದು ತಿಳಿದದ್ದು ಅವರ ಮನೆಯ ಚಾಪೆಯ ಮೇಲೆ ಕೂತಾಗ. ಇನ್ನೊಬ್ಬರು ಬಂದ ಬಡ್ತಿಯನ್ನೇ ಬೇಡವೆಂದಿದ್ದರು. ಲೆಕ್ಕ ಮುಗಿಯುವವರೆಗೆ ಸೂಪರ್‌ವೈಸರ್ ನಿಲ್ಲಬೇಕು, ಅಷ್ಟು ಹೊತ್ತು ಮಗುವನ್ನು ನೋಡಿಕೊಳ್ಳುವವರಿಲ್ಲ. ಇಂಥವರಿಗೆ ಮೇಲೆ ಬರುವ ಆಸೆಯೇ ಇಲ್ಲ ಎಂದು ಸಭೆಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಅದು ಸುಳ್ಳು, ಅನ್ಯಾಯದ ಮಾತು.

2020ರ ಲಾಕ್‌ಡೌನ್‌ನಲ್ಲಿ ಹಲವರು ಊರಿಗೆ ಹೋದರು. ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಚಿಂತೆಯ ನಡುವೆಯೂ ಅಣ್ಣನದೋ ಪಕ್ಕದ ಮನೆಯವರದೋ ಫೋನ್ ಪಡೆದು, ಬಾಕಿ ಉಳಿದಿದ್ದ ಪ್ರಶ್ನೆಗಳಿಗೆ ಉತ್ತರಿಸಿದರು. ಇದನ್ನು ನಾನು ಮರೆಯುವಂತಿಲ್ಲ.

ನನ್ನ ಮಾರ್ಗದರ್ಶಕಿ ಪ್ರತಿ ಅಧ್ಯಾಯದ ಅಂಚಿನಲ್ಲೂ "ಇದು ನಿನ್ನ ಅಭಿಪ್ರಾಯ, ಅವರ ಮಾತೆಲ್ಲಿ?" ಎಂದು ಬರೆದು ವಾಪಸ್ ಕೊಡುತ್ತಿದ್ದರು. ಮೇಡಂ, ಪ್ರಬಂಧ ನಿಂತಿರುವುದೇ ಆ ಪ್ರಶ್ನೆಯ ಮೇಲೆ. ಎರಡನೇ ಮಗುವಿನ ಹೊತ್ತಿಗೆ ಎಲ್ಲ ಬಿಟ್ಟುಬಿಡೋಣವೆಂದು ಕಚೇರಿಗೆ ಹೋದಾಗ ಗುಮಾಸ್ತರೊಬ್ಬರು ನನ್ನನ್ನು ಕೂರಿಸಿಕೊಂಡು, ಮಹಿಳಾ ಸಂಶೋಧಕರಿಗೆ 240 ದಿನಗಳವರೆಗೆ ಹೆರಿಗೆ ರಜೆಗೂ ಎರಡು ವರ್ಷ ಹೆಚ್ಚಿನ ಅವಧಿಗೂ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮದಲ್ಲಿ ಅವಕಾಶವಿದೆ ಎಂದು ತೋರಿಸಿ, ಅರ್ಜಿಯನ್ನೂ ಬರೆಸಿದರು. ಸರ್, ನೀವು ಅಂದು ಆ ಹಾಳೆ ತೆಗೆದು ತೋರಿಸದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ನನ್ನ ತರಗತಿಗಳನ್ನು ತೆಗೆದುಕೊಂಡ ಸಹೋದ್ಯೋಗಿಗಳಿಗೆ, ಪ್ರತಿ ಭಾನುವಾರ ಎರಡು ಮಕ್ಕಳನ್ನೂ ನೋಡಿಕೊಂಡ ಅತ್ತೆಗೆ, ಯಜಮಾನರಿಗೆ ನಾನು ಋಣಿ.

ಪ್ರಬಂಧ, ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಇಂಗ್ಲಿಷಿನಲ್ಲಿ ಇರುತ್ತದೆ. ಲಗ್ಗೆರೆಯ ಅಕ್ಕಂದಿರಿಗಾಗಿ ಅದರ ಸಾರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕರಡು ಸಿದ್ಧವಾದ ಮೇಲೆ ಒಂದು ಭಾನುವಾರ ತರುತ್ತೇನೆ. ನಿಮ್ಮ ಮಾತು ಎಲ್ಲಾದರೂ ಬೇರೆಯಾಗಿ ಕಂಡರೆ ಗುರುತು ಹಾಕಿ ಕೊಡಿ, ಅಚ್ಚಿಗೆ ಹೋಗುವ ಮೊದಲೇ ತಿದ್ದುತ್ತೇನೆ.